ಹಳೆಯ ಪಿಒಇ ಸ್ವಿಚ್‌ಗೆ ಹೊಸ ಕ್ಯಾಮೆರಾ ಜೋಡಿಸುವ ಮುನ್ನ

ನೆಟ್‌ವರ್ಕ್ ಕೇಬಲ್‌ನಲ್ಲಿಯೇ ವಿದ್ಯುತ್ತನ್ನೂ ಹರಿಸುವ ಪಿಒಇ ಉಪಕರಣಗಳನ್ನು ಕೊಳ್ಳಲು ಹೊರಟಿರುವವರು, ಅದರಲ್ಲೂ ಕೇಬಲ್‌ಗಳೆಲ್ಲ ಬಂದು ಸೇರುವ ಹಳೆಯ ನೆಟ್‌ವರ್ಕ್ ಸ್ವಿಚ್ಚನ್ನು ಉಳಿಸಿಕೊಂಡು ಹೊಸ ಕ್ಯಾಮೆರಾಗಳನ್ನೋ ವೈಫೈ ಆಕ್ಸೆಸ್ ಪಾಯಿಂಟ್‌ಗಳನ್ನೋ ಸೇರಿಸುವ ಯೋಚನೆಯಲ್ಲಿರುವ ಅಪಾರ್ಟ್‌ಮೆಂಟ್ ಸಂಘದವರು, ಮುಂಗಡ ಕೊಡುವ ಮೊದಲು ಇದನ್ನು ಓದಬೇಕೆಂದು ಕೋರುತ್ತೇನೆ. ಬನಶಂಕರಿ ಕಡೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಗೇಟಿನ ಕ್ಯಾಮೆರಾ ವಾರಗಟ್ಟಲೆ ರಾತ್ರಿ ಕೆಲಸ ಮಾಡಲಿಲ್ಲ. ಅದನ್ನು ಸರಿಪಡಿಸಲು ಹೋಗಿ, ಎರಡು ಬ್ಲಾಕ್‌ಗಳ ನೆಟ್‌ವರ್ಕನ್ನು ತಂತಿಯಿಲ್ಲದೆ ಬೆಸೆಯುತ್ತಿದ್ದ ರೇಡಿಯೊ ಸುಟ್ಟುಹೋಯಿತು. ಎರಡೂ ತಪ್ಪಿಸಬಹುದಾಗಿದ್ದ ನಷ್ಟಗಳು.

ನಮ್ಮ ಹಳೆಯ ಸ್ವಿಚ್ 2003ರ 802.3ಎಎಫ್ ಮಾನದಂಡದ್ದು. ಅದು ಒಂದು ಪೋರ್ಟಿನಿಂದ ಗರಿಷ್ಠ 15.4 ವ್ಯಾಟ್ ಕೊಡುತ್ತದೆ. ಕೇಬಲ್‌ನಲ್ಲಿ ಆಗುವ ನಷ್ಟವನ್ನು ಕಳೆದರೆ ಉಪಕರಣದ ತುದಿಯಲ್ಲಿ ಖಾತರಿಯಾಗಿ ಸಿಗುವುದು 12.95 ವ್ಯಾಟ್ ಮಾತ್ರ. ಗೇಟಿಗೆ ತಂದ, ಸುತ್ತ ತಿರುಗುವ ಹೊಸ ಕ್ಯಾಮೆರಾ 2009ರ 802.3ಎಟಿ ಮಾನದಂಡದ್ದು. ಆ ಮಾನದಂಡದಲ್ಲಿ ಸ್ವಿಚ್ 30 ವ್ಯಾಟ್ ಕೊಡುತ್ತದೆ, ಉಪಕರಣಕ್ಕೆ 25.5 ವ್ಯಾಟ್ ತಲುಪುತ್ತದೆ. ಗುತ್ತಿಗೆದಾರರನ್ನು ಕೇಳಿದಾಗ, “ಪಿಒಇ ಅಂದ್ರೆ ಎಲ್ಲಾ ಒಂದೇ ಸರ್, ಹಾಕಿದ್ರೆ ಆಯ್ತು” ಎಂದರು. ಹಗಲಿನಲ್ಲಿ ಅವರ ಮಾತು ನಿಜವೆಂದೇ ತೋರಿತು. ಕತ್ತಲಾದ ಮೇಲೆ ಇನ್‌ಫ್ರಾರೆಡ್ ದೀಪಗಳು ಹೊತ್ತಿ, ಜೊತೆಗೆ ಮೋಟಾರೂ ತಿರುಗಿದಾಗ ಬಳಕೆ ಮಿತಿ ಮೀರುತ್ತಿತ್ತು. ಸ್ವಿಚ್ ಆ ಪೋರ್ಟನ್ನು ಕಡಿದುಹಾಕಿ, ತುಸು ಹೊತ್ತಿನ ಬಳಿಕ ಮತ್ತೆ ವಿದ್ಯುತ್ ಕೊಡುತ್ತಿತ್ತು, ಕ್ಯಾಮೆರಾ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಬೆಳಗಿನವರೆಗೂ ಇದೇ ಪುನರಾವರ್ತನೆ. ಹಗಲು ಬಂದು ಪರೀಕ್ಷಿಸಿದ ತಂತ್ರಜ್ಞರಿಗೆ ಯಾವ ದೋಷವೂ ಕಾಣದಿದ್ದುದಕ್ಕೆ ಇದೇ ಕಾರಣ.

ಕ್ಲಬ್‌ಹೌಸಿನ ಹೊಸ ಆಕ್ಸೆಸ್ ಪಾಯಿಂಟ್‌ನ ತೊಂದರೆ ಇದಕ್ಕಿಂತ ಮೌನವಾದದ್ದು. ಕಡಿಮೆ ವಿದ್ಯುತ್ ಸಿಕ್ಕಾಗ ಅದು ಕೆಡಲಿಲ್ಲ. ಪ್ರಸಾರದ ಬಲವನ್ನು ತಾನಾಗಿಯೇ ತಗ್ಗಿಸಿಕೊಂಡು ನಡೆಯುತ್ತಿತ್ತು. ನಿವಾಸಿಗಳು ಇಂಟರ್ನೆಟ್ ಕಂಪನಿಯನ್ನು ದೂರುತ್ತಿದ್ದರು.

ನಿಜವಾದ ಹಾನಿ ಆದದ್ದು ಪರಿಹಾರದ ಹೆಸರಿನಲ್ಲಿ. ಗುತ್ತಿಗೆದಾರರು ಎಸ್.ಪಿ. ರಸ್ತೆಯಿಂದ ಅಗ್ಗದ 48 ವೋಲ್ಟ್ ಪ್ಯಾಸಿವ್ ಇಂಜೆಕ್ಟರ್ (ನೆಟ್‌ವರ್ಕ್ ಕೇಬಲ್‌ಗೆ ವಿದ್ಯುತ್ ಸೇರಿಸುವ ಪೆಟ್ಟಿಗೆ) ಒಂದನ್ನು ತಂದು ಕ್ಯಾಮೆರಾದ ಲೈನಿಗೆ ಸೇರಿಸಿದರು. ಮಾನದಂಡಕ್ಕೆ ಬದ್ಧವಾದ ಪಿಒಇ ಮೊದಲು 10 ವೋಲ್ಟಿನ ಆಸುಪಾಸಿನ ಅಥವಾ ಅದಕ್ಕೂ ಕಡಿಮೆ ಒತ್ತಡದಲ್ಲಿ ಲೈನನ್ನು ಪರೀಕ್ಷಿಸುತ್ತದೆ. ಎದುರಿಗೆ ಸುಮಾರು 25 ಕಿಲೋ ಓಮ್‌ನ ಗುರುತಿನ ರೋಧ ಕಂಡುಬಂದರೆ ಮಾತ್ರ ಪೂರ್ಣ ವೋಲ್ಟೇಜ್ ಬಿಡುತ್ತದೆ. ಮನೆಗೆ ಬಂದವರು ಬಾಗಿಲು ತಟ್ಟಿ, ಒಳಗಿನಿಂದ ಉತ್ತರ ಬಂದ ಮೇಲೆ ಒಳಹೋಗುವಂತೆ. ಪ್ಯಾಸಿವ್ ಇಂಜೆಕ್ಟರ್‌ಗೆ ಈ ವಿಚಾರಣೆಯೇ ಇಲ್ಲ. ಎದುರಿಗೆ ಏನಿದ್ದರೂ ಸದಾ ವೋಲ್ಟೇಜ್ ಸುರಿಯುತ್ತಿರುತ್ತದೆ. ವಿದ್ಯುತ್ ಕೊಠಡಿಯಲ್ಲಿ ಕೇಬಲ್‌ಗಳನ್ನು ಮರುಜೋಡಿಸುವಾಗ ಅವರ ಸಹಾಯಕ ಆ ಲೈನನ್ನು 24 ವೋಲ್ಟಿನ ಪ್ಯಾಸಿವ್ ರೇಡಿಯೊಗೆ ಸಿಕ್ಕಿಸಿದ. ರೇಡಿಯೊ ಮತ್ತೆ ಹೊತ್ತಿಕೊಳ್ಳಲಿಲ್ಲ. ತಪ್ಪು ವೋಲ್ಟೇಜ್ ಕೊಟ್ಟದ್ದರಿಂದ ವಾರಂಟಿ ಸಿಗದು ಎಂದು ಅಂಗಡಿಯವರು ಹೇಳಿದರು. ಆ ಮಾತಿನಲ್ಲಿ ನ್ಯಾಯವಿತ್ತು. ಆ ಹುಡುಗನನ್ನೂ ನಾನು ದೂರಲಾರೆ: ಕ್ಯಾಮೆರಾದ ಮತ್ತು ರೇಡಿಯೊದ ಇಂಜೆಕ್ಟರ್‌ಗಳೆರಡರ ಮೇಲೂ ಅಚ್ಚಾಗಿದ್ದದ್ದು ಒಂದೇ ‘ಪಿಒಇ’, ಎರಡರ ಸಾಕೆಟ್ಟೂ ಒಂದೇ ಬಗೆಯದು.

ಬಳಿಕ ಬೇರೊಬ್ಬ ತಂತ್ರಜ್ಞರು ಬಂದು ಗೇಟಿನ ಕೇಬಲ್ಲನ್ನು ಬ್ಲೇಡಿನಿಂದ ಕೆರೆದು ತೋರಿಸಿದರು. ಮೇಲೆ ತಾಮ್ರದ ಲೇಪ, ಒಳಗೆ ಬೆಳ್ಳಗಿನ ಅಲ್ಯೂಮಿನಿಯಂ. ಅಲ್ಯೂಮಿನಿಯಂನ ವಿದ್ಯುತ್ ವಾಹಕತೆ ತಾಮ್ರದ ಸುಮಾರು ಶೇ. 60 ಮಾತ್ರ, ಆದ್ದರಿಂದ ಉದ್ದನೆಯ ಲೈನಿನಲ್ಲಿ ವೋಲ್ಟೇಜ್ ಹೆಚ್ಚು ಕುಸಿಯುತ್ತದೆ, ಕೇಬಲ್ ಹೆಚ್ಚು ಬಿಸಿಯಾಗುತ್ತದೆ. ಇಂತಹ ಕೇಬಲ್ಲನ್ನು ಪಿಒಇಗೆ ಯಾವ ಕಾರಣಕ್ಕೂ ಬಳಸಬೇಡಿ.

ಸ್ವಿಚ್‌ನ ಒಟ್ಟು ಸಾಮರ್ಥ್ಯವನ್ನೂ ವಿಚಾರಿಸಿ. 16 ಪೋರ್ಟ್‌ಗಳಿಗೆ ತಲಾ 15.4 ವ್ಯಾಟ್ ಎಂದರೆ ಸುಮಾರು 246 ವ್ಯಾಟ್ ಬೇಕು, ಆದರೆ ಅದರ ಅರ್ಧದಷ್ಟನ್ನೇ ಒದಗಿಸುವ ಸ್ವಿಚ್‌ಗಳು ಮಾರುಕಟ್ಟೆಯಲ್ಲಿ ಸಾಮಾನ್ಯ. ರಾತ್ರಿ ಕರೆಂಟು ಹೋಗಿ ಬಂದಾಗ ಎಲ್ಲ ಕ್ಯಾಮೆರಾಗಳೂ ಒಟ್ಟಿಗೆ ಎಚ್ಚರಗೊಂಡು ದೀಪ ಹೊತ್ತಿಸಿದರೆ, ಕೆಲವು ಪೋರ್ಟ್‌ಗಳಿಗೆ ಪಾಲು ಸಿಗುವುದೇ ಇಲ್ಲ.

ನಮ್ಮ ಸಭೆಯಲ್ಲಿ ಹಲವರು ಹೆದರಿದ್ದು ಹೆದರಬೇಕಿಲ್ಲದ ವಿಷಯಕ್ಕೆ. 2018ರ 802.3ಬಿಟಿ ಸ್ವಿಚ್ ನಾಲ್ಕು ಜೋಡಿ ತಂತಿಗಳಲ್ಲಿ 90 ವ್ಯಾಟ್‌ವರೆಗೂ ಕೊಡಬಲ್ಲದು ಎಂದು ಕೇಳಿದೊಡನೆ, ಹಳೆಯ ಕ್ಯಾಮೆರಾಗಳು ಸುಟ್ಟುಹೋಗುತ್ತವೆ ಎಂದರು. ಹಾಗಾಗುವುದಿಲ್ಲ. ಮಾನದಂಡವನ್ನು ಪಾಲಿಸುವ ಹೊಸ ಸ್ವಿಚ್ ಹಳೆಯ ಉಪಕರಣದ ವರ್ಗವನ್ನು ಗುರುತಿಸುತ್ತದೆ, ಉಪಕರಣವೂ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಹೊಸ ಸ್ವಿಚ್‌ಗೆ ಹಳೆಯ ಕ್ಯಾಮೆರಾ ಹೊಂದುತ್ತದೆ; ಹಳೆಯ ಸ್ವಿಚ್‌ಗೆ ಹೊಸ ಕ್ಯಾಮೆರಾ ಎಂಬಲ್ಲಿಯೇ ಲೆಕ್ಕ ಹಾಕಬೇಕಾದದ್ದು.

ಈಗ ಗೇಟಿನ ಕ್ಯಾಮೆರಾಗೆ ಮತ್ತು ಕ್ಲಬ್‌ಹೌಸಿಗೆ 802.3ಎಟಿ ಇಂಜೆಕ್ಟರ್‌ಗಳನ್ನು ಹಾಕಿಸಿದ್ದೇವೆ, ಗೇಟಿಗೆ ಶುದ್ಧ ತಾಮ್ರದ ಕೇಬಲ್ ಎಳೆಸಿದ್ದೇವೆ. ಹೊಸ ರೇಡಿಯೊದ 24 ವೋಲ್ಟ್ ಲೈನಿನ ಎರಡೂ ತುದಿಗಳಿಗೆ ಕೆಂಪು ಪಟ್ಟಿ ಕಟ್ಟಿ ವೋಲ್ಟೇಜ್ ಬರೆಸಿದ್ದೇವೆ. ಮೊದಲ ಗುತ್ತಿಗೆದಾರರಿಂದ ಪರಿಹಾರ ಕೇಳಲು ಹೋದಾಗ ನಮ್ಮ ಕೈಯಲ್ಲಿದ್ದ ಬಿಲ್ಲಿನಲ್ಲಿ “ಪಿಒಇ ಇಂಜೆಕ್ಟರ್, ಕೇಬಲ್” ಎಂದಷ್ಟೇ ಇದ್ದುದರಿಂದ ಮಾತು ಮುಂದುವರಿಯಲಿಲ್ಲ. ದಯವಿಟ್ಟು ನಿಮ್ಮ ಕೊಟೇಶನ್ನಿನಲ್ಲಿ ಮಾನದಂಡದ ಸಂಖ್ಯೆ, ಪ್ರತಿ ಪೋರ್ಟಿನ ವ್ಯಾಟ್, ಸ್ವಿಚ್‌ನ ಒಟ್ಟು ವ್ಯಾಟ್ ಮತ್ತು ಕೇಬಲ್ಲಿನ ಲೋಹವನ್ನು ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದವರಿಗೆ ಕೆಲಸ ಕೊಡಬೇಡಿ.