ಜೀವಂತ ಬ್ಯಾಕ್ಟೀರಿಯಾನಾ, ಅದು ಬಿಟ್ಟ ದ್ರವವಾ?

ಲ್ಯಾಬ್‌ನಲ್ಲಿ ಬೆಳೆಸಿದ ಹಂದಿಯ ಕರುಳಿನ ಕೋಶಗಳಲ್ಲಿ ವೈರಸ್ ತಡೆಯಲು ಲ್ಯಾಕ್ಟೋಬ್ಯಾಸಿಲಸ್ (ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾ) ಆರಿಸಿದ್ದೀರಿ ಅಂದುಕೊಳ್ಳಿ. ಬ್ಯಾಕ್ಟೀರಿಯಾವನ್ನೇ ಹಾಕಬೇಕಾ, ಅದು ಸ್ರವಿಸಿದ ದ್ರವ ಸಾಕಾ?

ಜೀವಂತ ಬ್ಯಾಕ್ಟೀರಿಯಾ ಕೋಶಕ್ಕೆ ಅಂಟಿಕೊಂಡು ವೈರಸ್‌ಗೆ ಜಾಗ ಸಿಗದಂತೆ ಮಾಡಬಲ್ಲದು. ಕರುಳಿನ ನಿಜಸ್ಥಿತಿಗೂ ಇದೇ ಹತ್ತಿರ. ಆದರೆ ಕೋಶ ಬೆಳೆಸುವ ಪ್ಲೇಟಿನಲ್ಲಿ ಅದನ್ನು ಸಂಭಾಳಿಸುವುದು ತಲೆನೋವು. ರಾತ್ರಿ ಬಿಟ್ಟು ಹೋದರೆ ಬೆಳಿಗ್ಗೆ ಗುಲಾಬಿ ಬಣ್ಣದ ಮೀಡಿಯಂ (ಕೋಶಗಳಿಗೆ ಆಹಾರ ಕೊಡುವ ದ್ರವ) ಹಳದಿಯಾಗಿರುತ್ತದೆ, ಅಷ್ಟು ಆಮ್ಲ. ಕೋಶಗಳೇ ಸತ್ತರೆ ವೈರಸ್ ಎಲ್ಲಿ ಬೆಳೆಯಬೇಕು, ಅಲ್ವಾ? ಆಂಟಿಬಯೋಟಿಕ್ ಹಾಕಿದರೆ ಬ್ಯಾಕ್ಟೀರಿಯಾ ಸಾಯುತ್ತದೆ.

ದ್ರವದ ಕೆಲಸ ಸಲೀಸು. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಫ್ರೀಜರ್‌ನಲ್ಲಿಡಿ. ಬೇಕಾದಷ್ಟು ಅಳೆದು ಹಾಕಬಹುದು. ಇನ್ನೊಂದು ದೊಡ್ಡ ಲಾಭ: ಸೋಂಕಿಗೆ ಮೊದಲು ಕೋಶಕ್ಕೆ ಹಾಕಿ, ವೈರಸ್ ಜೊತೆ ಬೆರೆಸಿ, ಸೋಂಕಾದ ಮೇಲೂ ಹಾಕಿ ನೋಡಿದರೆ ತಡೆ ಯಾವ ಹಂತದಲ್ಲಿ ಅನ್ನೋದು ತಿಳಿಯುತ್ತದೆ. ಕುದಿಸಿದ ಮೇಲೆ ಪರಿಣಾಮ ಹೋದರೆ ಪ್ರೋಟೀನ್ ಮೇಲೆ ಅನುಮಾನ ಪಡಬಹುದು.

ಆದರೆ ಇಲ್ಲೂ ಆಮ್ಲವೇ ಮೋಸ ಮಾಡೋದು. ಪಿಎಚ್ (ಆಮ್ಲೀಯತೆಯ ಅಳತೆ) ಸರಿಪಡಿಸದೆ ಹಾಕಿದರೆ ಕೆಲಸ ಮಾಡಿದ್ದು ಬರೀ ಲ್ಯಾಕ್ಟಿಕ್ ಆಮ್ಲವೂ ಇರಬಹುದು. ಹೋಲಿಸಿ ನೋಡಲು ಅದೇ ಪಿಎಚ್‌ನ ಖಾಲಿ ಬ್ರಾತ್ (ಬ್ಯಾಕ್ಟೀರಿಯಾ ಬೆಳೆಸುವ ದ್ರವ, ಬ್ಯಾಕ್ಟೀರಿಯಾ ಹಾಕದೆ) ಪಕ್ಕದಲ್ಲಿ ಇರಲೇಬೇಕು.

ನಾನಾದರೆ ದ್ರವದಿಂದಲೇ ಶುರು ಮಾಡುತ್ತೇನೆ. ಅದರಲ್ಲಿ ಏನೂ ಕಾಣದಿದ್ದರೆ ಮಾತ್ರ ಜೀವಂತ ಬ್ಯಾಕ್ಟೀರಿಯಾ.