ಹಳೆ ಕಾಂಕ್ರೀಟ್ ಮೇಲೆ ಡಾಂಬರು: ಬಟ್ಟೆ ಹಾಸೋದಾ, ಬಿರುಕು ಬಿಡಿಸೋದಾ, ಪುಡಿ ಮಾಡೋದಾ?

ಮೊದಲೇ ಹೇಳಿಬಿಡುತ್ತೇನೆ, ಹಳೆ ಕಾಂಕ್ರೀಟ್ ಸ್ಲ್ಯಾಬ್‌ಗಳ ನಡುವಿನ ಜಾಯಿಂಟ್‌ಗಳು ಮೇಲಿನ ಡಾಂಬರಿನಲ್ಲಿ ಬಿರುಕಾಗಿ ಮೂಡದಂತೆ ತಡೆಯಲು ನನ್ನ ಓಟು ಕ್ರ್ಯಾಕ್ ಅಂಡ್ ಸೀಟ್‌ಗೆ, ಅಂದರೆ ಸ್ಲ್ಯಾಬಿಗೆ ಸಣ್ಣ ಬಿರುಕು ಬಿಡಿಸಿ ಮಣ್ಣಿನ ಮೇಲೆ ಕೂರಿಸುವುದಕ್ಕೆ. ಬಟ್ಟೆ ನಂಬಿ ಕೆಟ್ಟವನು ನಾನು. ಮೊದಲ ಕೆಲಸದಲ್ಲಿ ಜಾಯಿಂಟ್‌ಗಳನ್ನು ಶುಚಿ ಮಾಡಿ ತುಂಬಿಸಿ, ಜಿಯೋಟೆಕ್ಸ್‌ಟೈಲ್ ಅನ್ನುವ ಸಿಂಥೆಟಿಕ್ ಬಟ್ಟೆ ಹಾಸಿ, 50 ಮಿ.ಮೀ. ಡಾಂಬರು ಹಾಕಿದೆವು. ಒಂದು ಚಳಿಗಾಲ ಮುಗಿಯುವಷ್ಟರಲ್ಲಿ ಕೆಳಗಿನ ಜಾಯಿಂಟ್‌ಗಳೆಲ್ಲ ಮೇಲೆ ಗೆರೆ ಎಳೆದ ಹಾಗೆ ಮೂಡಿದವು.

ಕುಗ್ಗುವ ಲೆಕ್ಕ ಹಾಕಿದ್ದರೆ ಆಗಲೇ ಗೊತ್ತಾಗುತ್ತಿತ್ತು. 4.5 ಮೀಟರ್ ಸ್ಲ್ಯಾಬ್ 30 ಡಿಗ್ರಿ ತಣ್ಣಗಾದರೆ ಸುಮಾರು 1.3 ಮಿ.ಮೀ. ಕುಗ್ಗುತ್ತದೆ. ಅಷ್ಟೂ ಜಾಯಿಂಟ್‌ನಲ್ಲೇ ಬಾಯಿ ಬಿಡುತ್ತದೆ. ಜೊತೆಗೆ ಲಾರಿ ಹೋದಾಗ ಸ್ಲ್ಯಾಬಿನ ಅಂಚು ಮೇಲೆ ಕೆಳಗೆ ಆಡುತ್ತದೆ. ಡಾಂಬರು ಕುಡಿದ ಬಟ್ಟೆ ನೀರು ತಡೆಯುತ್ತದೆ, ಈ ಆಟವನ್ನಲ್ಲ.

ಅದೇ ಸ್ಲ್ಯಾಬನ್ನು ಸುಮಾರು 60 ಸೆಂ.ಮೀ.ಗೊಂದು ಬಿರುಕು ಬರುವಂತೆ, ಮೇಲಿಂದ ಭಾರ ಬೀಳಿಸುವ ಮಿಷನ್‌ನಿಂದ ಹೊಡೆದರೆ, ಒಂದೊಂದು ತುಂಡೂ 0.2 ಮಿ.ಮೀ. ಕೂಡ ಕುಗ್ಗುವುದಿಲ್ಲ. ತುಂಡುಗಳು ಒಂದಕ್ಕೊಂದು ಹಲ್ಲು ಕಚ್ಚಿಕೊಂಡೇ ಇರುತ್ತವೆ. ಆಮೇಲೆ ಭಾರದ ಟೈರ್ ರೋಲರ್ ಓಡಿಸಿ ಮಣ್ಣಿನ ಮೇಲೆ ಕೂರಿಸುವುದು.

ತಲೆನೋವು ಎಲ್ಲಿ ಅಂದರೆ, ಆ ಬಿರುಕು ಕಣ್ಣಿಗೆ ಕಾಣೋದಿಲ್ಲ! ಕೂದಲೆಳೆಯಷ್ಟು ಸಣ್ಣದು. ನಮ್ಮ ಆಪರೇಟರ್ "ಸಾರ್, ಒಡೆದೇ ಇಲ್ಲ" ಅಂತ ಏಟಿನ ಎತ್ತರ ಏರಿಸುತ್ತಲೇ ಹೋದ. ಸಂಜೆ ನೋಡಿದರೆ ಮೂಲೆಗಳು ಚೂರಾಗಿದ್ದವು. ಹಲ್ಲು ಕಚ್ಚಿ ಹಿಡಿಯಬೇಕಾದ ಅಂಚೇ ಉಳಿದಿರಲಿಲ್ಲ. ಅಷ್ಟು ಭಾಗ ಕಿತ್ತು ತೆಗೆದು ಮತ್ತೆ ತುಂಬಿಸಬೇಕಾಯಿತು.

ಮರುದಿನ ಸುಮ್ನೆ ನೀರು ಚಿಮುಕಿಸಿ ನೋಡಿದೆವು. ಮೇಲ್ಮೈ ಒಣಗಿದರೂ ಬಿರುಕಿನ ಗೆರೆ ಮಾತ್ರ ಒದ್ದೆಯಾಗಿ, ಕಪ್ಪಗೆ ಉಳಿಯಿತು. ಒಂದೆರಡು ಕಡೆ ಕೋರ್, ಅಂದರೆ ಕಾಂಕ್ರೀಟನ್ನು ಉರುಳೆಯಂತೆ ಕೊರೆದ ತುಂಡು, ತೆಗೆದು ಬಿರುಕು ತಳದವರೆಗೂ ಇಳಿದಿದೆಯಾ ಅಂತ ನೋಡಿಕೊಂಡೆವು. ಈಗ ಒಂದು ಚಿಕ್ಕ ಜಾಗದಲ್ಲಿ ಹೀಗೆ ಪರೀಕ್ಷೆ ಮಾಡಿ, ಏಟಿನ ಎತ್ತರ ನಿಗದಿ ಮಾಡದೆ ಮಿಷನ್ ಮುಂದೆ ಹೋಗಲು ಬಿಡುವುದಿಲ್ಲ.

ರಬ್ಲೈಸೇಷನ್, ಅಂದರೆ ಪೂರ್ತಿ ಪುಡಿ ಮಾಡುವುದು, ಬಿರುಕಿನ ಕಾಟಕ್ಕೆ ಎಲ್ಲಕ್ಕಿಂತ ಒಳ್ಳೆ ಮದ್ದು. ಆದರೆ ಸ್ಲ್ಯಾಬ್ ಜಲ್ಲಿಯಾಗಿಬಿಡುತ್ತದೆ, ಬಲ ಹೋಗುತ್ತದೆ. ಡಾಂಬರು ಜಾಸ್ತಿ ದಪ್ಪ ಹಾಕಬೇಕು. ಕೆಳಗೆ ಒದ್ದೆ ಮಣ್ಣಿದ್ದರೆ ಪುಡಿ ಒಳಗೇ ಇಳಿಯುತ್ತದೆ, ಹಾಗಾಗಿ ಅಂಚಿನ ಚರಂಡಿ ಮೊದಲೇ ಆಗಿರಬೇಕು.

ಡಾಂಬರು ಹಾಕಿ ಜಾಯಿಂಟ್ ಮೇಲೇ ಕೊಯ್ದು ಸೀಲ್ ಮಾಡುವುದೂ ಇದೆ: ಗುರುತು ಸ್ವಲ್ಪ ತಪ್ಪಿದರೂ ಪಕ್ಕದಲ್ಲೇ ಇನ್ನೊಂದು ಬಿರುಕು.

ನನಗೆ ಸಿಗುವ ಕೆಲಸಗಳಲ್ಲಿ ದಪ್ಪ ಡಾಂಬರಿಗೆ ದುಡ್ಡು ಇರುವುದು ಅಪರೂಪ. ಅದಕ್ಕೇ ಕ್ರ್ಯಾಕ್ ಅಂಡ್ ಸೀಟ್ ನನ್ನ ಆಯ್ಕೆ. ಒಳಗೆ ಕಂಬಿ ಇರುವ ಸ್ಲ್ಯಾಬ್ ಸಿಕ್ಕರೆ ಮಾತ್ರ ನಾನೂ ಪುಡಿ ಮಾಡುವವರ ಕಡೆ ಹೋಗುತ್ತೇನೆ. ಎಷ್ಟು ಬಿರುಕು ಬಿಡಿಸಿದರೂ ಕಂಬಿ ತುಂಡುಗಳನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ, ಸ್ಲ್ಯಾಬ್ ಮತ್ತೆ ಹಳೆ ಜಾಯಿಂಟ್‌ನಲ್ಲೇ ಆಡುತ್ತದೆ.