ಸಾಗರದ ಉಳಿಯಲ್ಲಿ ಮೂಡಿದ ಫಾರ್ಸಿ ಅಂಕಿಗಳು: ಮರದ ಲೂಗರ್ ಮಾದರಿಯ ಬಗ್ಗೆ

ಇರಾನಿನ ಸೈನ್ಯಕ್ಕಾಗಿ ಜರ್ಮನಿಯ ಮೌಸರ್ ಕಾರ್ಖಾನೆ 1930ರ ದಶಕದಲ್ಲಿ ತಯಾರಿಸಿಕೊಟ್ಟ ಲೂಗರ್ ಪಿಸ್ತೂಲಿನ ಪೂರ್ಣ ಗಾತ್ರದ ಮರದ ಮಾದರಿಯೊಂದನ್ನು, ಅದನ್ನಿಡುವ ಪೆಟ್ಟಿಗೆಯ ಸಮೇತ, ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದಲ್ಲಿ ಮರದ ಕೆತ್ತನೆಯನ್ನು ಕುಲಕಸುಬಾಗಿಸಿಕೊಂಡ ಗುಡಿಗಾರ ಕುಟುಂಬವೊಂದರ ಕಾರ್ಯಾಗಾರದಲ್ಲಿ ಈ ವರ್ಷ ಮಾಡಿಸಿಕೊಂಡೆ. ಹೀಗೆ ಬೇರೆ ದೇಶಗಳ ಗುತ್ತಿಗೆಯ ಮೇಲೆ ತಯಾರಾದ ಪಿಸ್ತೂಲುಗಳಲ್ಲಿ, ಅದರಲ್ಲೂ ಫಾರ್ಸಿ ಗುರುತುಗಳಿರುವವುಗಳಲ್ಲಿ ಆಸಕ್ತಿಯುಳ್ಳ ಕನ್ನಡಿಗರು ಕಡಿಮೆಯೇ ಇರಬಹುದು. ಆದರೆ ಇಂಥ ಕೆಲಸವನ್ನು ನಮ್ಮ ಊರಿನ ಕೈಗಳಿಂದ ಮಾಡಿಸಲು ಸಾಧ್ಯವೇ ಎಂದು ಕೇಳುವವರಿಗಾಗಿ ನನ್ನ ಅನುಭವವನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮರದ ಮಾದರಿಯೇ ಏಕೆ ಎಂಬುದಕ್ಕೆ ಉತ್ತರ ಸರಳವಾಗಿದೆ. ಮಲೆನಾಡಿನಲ್ಲಿ ತೋಟದ ರಕ್ಷಣೆಗೆಂದು ಕೋವಿಯ ಪರವಾನಗಿ ಪಡೆದ ಮನೆಗಳು ಬೇಕಾದಷ್ಟಿವೆ. ಚುನಾವಣೆ ಬಂತೆಂದರೆ ಅವರೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಿ ಬರುತ್ತಾರೆ. ಆದರೆ ಈ ಲೂಗರ್ 9 ಮಿ.ಮೀ. ಪ್ಯಾರಾಬೆಲಮ್ ಗುಂಡಿನದು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಚೌಕಟ್ಟಿನಲ್ಲಿ ಅದು ನಿಷೇಧಿತ ಅಳತೆಯ ಆಯುಧವಾದ್ದರಿಂದ ಸಾಮಾನ್ಯ ನಾಗರಿಕರಿಗೆ ಅದರ ಪರವಾನಗಿ ದೊರೆಯುವುದಿಲ್ಲ. ಹೀಗಾಗಿ ನನ್ನ ಸಂಗ್ರಹವೆಂದರೆ ಚಿತ್ರಗಳು, ಅಳತೆಗಳು, ಗುರುತುಗಳ ನಕಲುಗಳು, ಈಗ ಈ ಮರದ ಮಾದರಿ.

ಈ ಆಸಕ್ತಿ ನನಗೆ ಹತ್ತಿದ್ದು ಪಿಸ್ತೂಲಿನಿಂದಲ್ಲ, ನಾಣ್ಯಗಳಿಂದ. ಹೊಸನಗರ ತಾಲ್ಲೂಕಿನ ನಗರದ ಟಂಕಸಾಲೆಯಲ್ಲಿ ಟಿಪ್ಪುವಿನ ಕಾಲದಲ್ಲಿ ಅಚ್ಚಾದ ಆನೆಯ ತಾಮ್ರದ ಕಾಸುಗಳನ್ನು ಓದಲೆಂದು ಫಾರ್ಸಿ ಅಂಕಿಗಳನ್ನು ಕಲಿತೆ. ಫಾರ್ಸಿ ಬರಹ ಬಲದಿಂದ ಎಡಕ್ಕೆ ಹರಿದರೂ ಸಂಖ್ಯೆಗಳನ್ನು ನಮ್ಮಂತೆಯೇ ಎಡದಿಂದ ಬಲಕ್ಕೆ ಬರೆಯುತ್ತಾರೆ. ಟಿಪ್ಪು ಮಾತ್ರ ತಾನೇ ಜಾರಿಗೆ ತಂದ ಮೌಲೂದಿ ಎಂಬ ಕಾಲಗಣನೆಯ ನಾಣ್ಯಗಳಲ್ಲಿ ವರ್ಷದ ಅಂಕಿಗಳನ್ನೂ ಬಲದಿಂದ ಎಡಕ್ಕೇ ಬರೆಸಿದ. ಆ ನಾಣ್ಯಗಳಿಗೆ ಕಣ್ಣು ಒಗ್ಗಿದವರು ಇರಾನಿನ ಪಿಸ್ತೂಲಿನ ಕ್ರಮಸಂಖ್ಯೆಯನ್ನು ತಿರುವುಮುರುವಾಗಿ ಓದಿಬಿಡುವ ಅಪಾಯವಿದೆ. ಆದ್ದರಿಂದ ಕಾರ್ಯಾಗಾರಕ್ಕೆ ಕೊಟ್ಟ ನಕ್ಷೆಯಲ್ಲಿ ಪ್ರತಿ ಅಂಕಿಯ ಕೆಳಗೂ ಕನ್ನಡದ ಅಂಕಿ ಬರೆದು, ಮೊದಲನೆಯದು ಯಾವುದೆಂದು ಬಾಣದ ಗುರುತು ಹಾಕಿಕೊಟ್ಟಿದ್ದೆ.

ಮೂಲ ವಸ್ತುವಿನ ಬಗ್ಗೆ ಸ್ವಲ್ಪ ಹೇಳಬೇಕು. 1930ರಲ್ಲಿ ಲೂಗರ್ ತಯಾರಿಕೆ ಡಿ.ಡಬ್ಲ್ಯು.ಎಂ. ಕಂಪನಿಯಿಂದ ಓಬರ್ನ್‌ಡಾರ್ಫಿನ ಮೌಸರ್ ಕಾರ್ಖಾನೆಗೆ ಬಂತು. ಅಲ್ಲಿ ಜರ್ಮನ್ ಸೈನ್ಯಕ್ಕೆ ಲಕ್ಷಗಟ್ಟಲೆ ಪಿಸ್ತೂಲುಗಳು ತಯಾರಾದರೆ, ಇರಾನಿನ ಪಾಲಿಗೆ ಹೋದವು ಕೆಲವೇ ಸಾವಿರ. ಅವು ಇಂದು ಅಪರೂಪವಾಗಿರುವುದಕ್ಕೆ ಇದೇ ಮೊದಲ ಕಾರಣ. ಅವುಗಳಲ್ಲಿ ಎರಡು ಬಗೆಯಿವೆ: ನಾಲ್ಕು ಅಂಗುಲದ ನಳಿಕೆಯವು ಮತ್ತು ಎಂಟು ಅಂಗುಲದ ನಳಿಕೆಯ, ಆರ್ಟಿಲರಿ (ಫಿರಂಗಿ ದಳದ) ಮಾದರಿಯವು. ಎರಡರಲ್ಲೂ ಚೇಂಬರಿನ, ಅಂದರೆ ಗುಂಡು ಕೂರುವ ಭಾಗದ, ಮೇಲೆ ಸಿಂಹ ಮತ್ತು ಸೂರ್ಯನ ಲಾಂಛನ, ಮಂಡಿಯಂತೆ ಮಡಚಿಕೊಳ್ಳುವ ಮೇಲ್ಗೀಲಿನ ಮೇಲೆ ಫಾರ್ಸಿ ಲಿಪಿಯ ಬರಹ, ಭಾಗಗಳ ಮೇಲೆ ಫಾರ್ಸಿ ಅಂಕಿಗಳ ಕ್ರಮಸಂಖ್ಯೆ ಇರುತ್ತವೆ. ನಾನು ಮಾಡಿಸಿದ್ದು ಆರ್ಟಿಲರಿ ಮಾದರಿಯನ್ನು, ಏಕೆಂದರೆ ಅದರ ನಳಿಕೆಯ ಬುಡದಲ್ಲಿರುವ ಗುರಿಪಟ್ಟಿಯ ಮೇಲೂ ದೂರದ ಅಂಕಿಗಳು ಫಾರ್ಸಿಯಲ್ಲೇ ಇವೆ.

ಗುಡಿಗಾರರ ಬಳಿಗೆ ಹೋಗುವ ಮುನ್ನ ಒಂದು ಆನ್‌ಲೈನ್ ಅಂಗಡಿಯಿಂದ ಇದೇ ಗುರುತುಗಳನ್ನು ಕೊರೆದ ಹಿತ್ತಾಳೆಯ ಫಲಕವೊಂದನ್ನು ತರಿಸಿದ್ದೆ. ನೋಡಲು ಅಚ್ಚುಕಟ್ಟಾಗಿತ್ತು, ಆದರೆ ಅಂಕಿಗಳು ಫಾರ್ಸಿಯವಲ್ಲ, ಅರಬ್ಬಿಯವು. ಎರಡೂ ಲಿಪಿಗಳಲ್ಲಿ ಬಹುತೇಕ ಅಂಕಿಗಳು ಒಂದೇ ರೀತಿ ಇದ್ದರೂ ನಾಲ್ಕು, ಐದು, ಆರು ಬೇರೆಯಾಗಿವೆ. ಅರಬ್ಬಿಯ ನಾಲ್ಕು ಇಂಗ್ಲಿಷಿನ ಮೂರನ್ನು ಕನ್ನಡಿಯಲ್ಲಿ ಕಂಡಂತೆ, ಐದು ಒಂದು ದುಂಡನೆಯ ಬಳೆಯಂತೆ, ಆರು ಇಂಗ್ಲಿಷಿನ ಏಳರಂತೆ ಇರುತ್ತದೆ. ಇರಾನಿನ ಪಿಸ್ತೂಲೆಂದು ಹೇಳಿ ಈ ಮೂರು ಅಂಕಿಗಳನ್ನು ತಪ್ಪಾಗಿ ಬರೆದರೆ ಇಡೀ ವಸ್ತುವೇ ಸುಳ್ಳಾಗುತ್ತದೆ. ತಪ್ಪನ್ನು ತಿಳಿಸಿ ಬರೆದ ಪತ್ರಕ್ಕೆ ಅಂಗಡಿಯವರು ಉತ್ತರಿಸಲೇ ಇಲ್ಲ.

ಸಾಗರದಲ್ಲಿ ಆದದ್ದು ಇದಕ್ಕೆ ತೀರಾ ವಿರುದ್ಧ. ಕಾರ್ಯಾಗಾರದ ಹಿರಿಯರು ನಕ್ಷೆಯನ್ನು ತೊಡೆಯ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದರು. ಬಳಿಕ ಸಂಚಿಯಿಂದ ಒಂದು ವೀಳ್ಯದೆಲೆ ತೆಗೆದು, ತೊಟ್ಟು ಕೆಳಗೆ, ತುದಿ ಮೇಲೆ ಬರುವಂತೆ ಹಿಡಿದು, "ಮೇಷ್ಟ್ರೇ, ನಿಮ್ಮ ಐದು ಅಂದ್ರೆ ಇದೇ ಅಲ್ವಾ?" ಎಂದು ಕೇಳಿದರು. ಫಾರ್ಸಿಯ ಐದಕ್ಕೆ ಇದಕ್ಕಿಂತ ಸರಿಯಾದ ಹೋಲಿಕೆಯನ್ನು ನಾನು ಈವರೆಗೆ ಕೇಳಿಲ್ಲ. ಏಳಕ್ಕೂ ಎಂಟಕ್ಕೂ ಅವರಿಗೆ ವಿವರಣೆಯೇ ಬೇಕಾಗಲಿಲ್ಲ: ಒಂದು ಮೇಲ್ಮುಖವಾಗಿ ಬಾಯ್ದೆರೆದ ಕವೆ, ಇನ್ನೊಂದು ಅದನ್ನೇ ಬೋರಲು ಹಾಕಿದ ರೂಪ. ಓದಲು ಬಾರದ ಲಿಪಿಯನ್ನು ಅವರು ಆಕಾರವಾಗಿಯೇ ಗ್ರಹಿಸಿ ಕೆತ್ತಿದ್ದರಿಂದ, ಅಕ್ಷರ ಬಲ್ಲೆವೆಂದುಕೊಂಡವರು ಮಾಡುವ ತಪ್ಪು ಅಲ್ಲಿ ಆಗಲಿಲ್ಲ.

ತಪ್ಪಾದದ್ದು ಸಿಂಹದಲ್ಲಿ. ಮೊದಲ ಸಲ ನೋಡಲು ಕರೆದಾಗ ಚೇಂಬರಿನ ಮೇಲಿದ್ದುದು ಗುಡಿಯ ಸಿಂಹ: ಉಬ್ಬಿದ ಕಣ್ಣು, ಸುರುಳಿ ಸುರುಳಿಯಾದ ಕೇಸರ, ತೆರೆದ ಬಾಯಿ. ಕೆತ್ತನೆಯಾಗಿ ಅದು ಸೊಗಸಾಗಿತ್ತು. ಆದರೆ ಇರಾನಿನ ಸಿಂಹ ಶಾಂತವಾಗಿ ನಿಂತ ಪ್ರಾಣಿ. ಮುಂಗಾಲಿನಲ್ಲಿ ಬಾಗಿದ ಖಡ್ಗ ಹಿಡಿದಿರುತ್ತದೆ, ಬೆನ್ನಿನ ಹಿಂದಿನಿಂದ ಸೂರ್ಯ ಮೂಡುತ್ತಿರುತ್ತಾನೆ. 1979ರ ಕ್ರಾಂತಿಯವರೆಗೂ ಅದು ಆ ದೇಶದ ಲಾಂಛನವಾಗಿತ್ತು. ನಾನು ಸಂಕೋಚದಿಂದಲೇ ವ್ಯತ್ಯಾಸ ತೋರಿಸಿದೆ. ಅವರು ಮರುಮಾತಾಡದೆ ಆ ತುಂಡನ್ನು ಪಕ್ಕಕ್ಕಿಟ್ಟು, ಬೇರೆ ಮರದಲ್ಲಿ ಆ ಭಾಗವನ್ನು ಮತ್ತೆ ಕೆತ್ತಿಕೊಟ್ಟರು, ಹೆಚ್ಚಿನ ಹಣವನ್ನೂ ಕೇಳಲಿಲ್ಲ. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಆ ಜಾಗದಲ್ಲಿ ಸೂರ್ಯನ ಕಿರಣಗಳು ಒಂದೊಂದಾಗಿ ಎಣಿಸಲು ಬರುವಂತಿವೆ.

ಮರ ಶಿವನೆಯದು. ಬಣ್ಣ ಬಳಿಯದೆ ಮರದ ಮೈಯನ್ನೇ ಉಳಿಸಲು ಹೇಳಿದ್ದೆ. ದೂರದಿಂದ ನೋಡಿದವರೂ ಅದನ್ನು ಆಯುಧವೆಂದು ಭ್ರಮಿಸಬಾರದೆಂಬುದು ನನ್ನ ಉದ್ದೇಶ. ಇಂಥ ಮಾದರಿ ಮಾಡಿಸುವವರಿಗೆಲ್ಲ ಇದೇ ನನ್ನ ಸಲಹೆ. ಹಿಡಿಯ ಮೇಲಿನ ಚೌಕುಳಿ ಗೆರೆಗಳು ಈ ಕೆಲಸದ ಅತ್ಯುತ್ತಮ ಭಾಗ. ಬೆರಳಾಡಿಸಿದರೆ ಪ್ರತಿಯೊಂದು ಚೌಕದ ತುದಿಯೂ ತಾಗುತ್ತದೆ, ಅಂಚಿನಲ್ಲಿ ಕೂಡ ಒಂದೂ ಮುಕ್ಕಾಗಿಲ್ಲ. ನಳಿಕೆಗೆ ಹೋಲಿಸಿದರೆ ಹಿಡಿ ಎಷ್ಟು ಓರೆಯಾಗಿ ಇಳಿಯಬೇಕೋ ಅಷ್ಟೇ ಇಳಿದಿದೆ. ಲೂಗರಿನ ಚಹರೆ ಇರುವುದೇ ಆ ಓರೆಯಲ್ಲಿ. ಮೇಲ್ಗೀಲು ಅಲುಗಾಡುವುದಿಲ್ಲ, ಅದನ್ನು ನಾನು ಕೇಳಿಯೂ ಇರಲಿಲ್ಲ. ಅದರ ಮೇಲಿನ ಫಾರ್ಸಿ ಬರಹದಲ್ಲಿ ಒಂದು ಚುಕ್ಕೆ ತುಸು ಪಕ್ಕಕ್ಕೆ ಸರಿದಿದೆ, ಆದರೆ ಓದಿಗೆ ಅಡ್ಡಿಯಾಗುವಷ್ಟಲ್ಲ.

ಪೆಟ್ಟಿಗೆಯ ಬಗ್ಗೆ ಇಷ್ಟು ಮೆಚ್ಚುಗೆಯಿಂದ ಬರೆಯಲಾರೆ. ಒಳಗಿನ ಗುಳಿ ಮಾದರಿಗೆ ಸರಿಯಾಗಿ ಹೊಂದುತ್ತದೆ, ಮುಚ್ಚಳದ ಅಂಚಿನ ಬಳ್ಳಿಯ ಕೆತ್ತನೆಯೂ ಹಿತವಾಗಿದೆ. ಆದರೆ ಮುಚ್ಚಳದ ತೂಕಕ್ಕೆ ಹಿತ್ತಾಳೆಯ ಕೀಲುಗಳು ಸಣ್ಣವಾದವು. ಮಳೆಗಾಲದಲ್ಲಿ ಮರ ಉಬ್ಬಿ ಮುಚ್ಚಳ ಎಡಮೂಲೆಯಲ್ಲಿ ಕಚ್ಚಿಕೊಳ್ಳುತ್ತಿದೆ. ವಾರ್ನಿಷಿನ ಹೊಳಪೂ ನನ್ನ ಕಣ್ಣಿಗೆ ಹೆಚ್ಚಾಯಿತು. ಆರು ವಾರದಲ್ಲಿ ಕೊಡುವುದಾಗಿ ಹೇಳಿದ್ದರು, ಹತ್ತು ವಾರ ಹಿಡಿಯಿತು. ಸಿಂಹವನ್ನು ಮರಳಿ ಕೆತ್ತಿದ್ದಕ್ಕೆ ಎರಡು ವಾರ ಕಳೆದರೂ ಉಳಿದ ವಿಳಂಬಕ್ಕೆ ಮೊದಲೇ ಒಂದು ಫೋನ್ ಮಾಡಬಹುದಿತ್ತು. ಮಾದರಿ ಮತ್ತು ಪೆಟ್ಟಿಗೆ ಸೇರಿ 14,500 ರೂಪಾಯಿ ಕೊಟ್ಟೆ. ಕೈಕೆಲಸದ ಪ್ರಮಾಣ ನೋಡಿದರೆ ಈ ಬೆಲೆ ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ.

ಮಾಡಿಸಬೇಕೆನ್ನುವವರು ಮಳೆ ಹಿಡಿಯುವ ಮೊದಲೇ, ಸಾಧ್ಯವಾದರೆ ಮಾಘ ಮಾಸದಲ್ಲಿ ಕೆಲಸ ಒಪ್ಪಿಸುವುದು ಲೇಸು. ಗುರುತುಗಳ ನಕ್ಷೆಯನ್ನು ನಿಜ ಗಾತ್ರದಲ್ಲೂ ನಾಲ್ಕು ಪಟ್ಟು ದೊಡ್ಡದಾಗಿಯೂ ಕೊಡಿ. ಲಾಂಛನವಿದ್ದರೆ ಕೆತ್ತುವ ಮೊದಲು ಪೆನ್ಸಿಲಿನ ಗೆರೆಯನ್ನು ಒಮ್ಮೆ ನೋಡಿಬನ್ನಿ. ನನ್ನ ಪೆಟ್ಟಿಗೆಯ ಮುಚ್ಚಳವನ್ನು ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ತರಲು ಹಿರಿಯರು ತಿಳಿಸಿದ್ದಾರೆ. ಅಂಚನ್ನು ಹೆರೆದು, ದೊಡ್ಡ ಕೀಲುಗಳನ್ನು ಅವರೇ ಹಾಕಿಕೊಡುತ್ತಾರಂತೆ.